ಮೊಮ್ಮಗುವಿನ ಮೊದಲ ಕಾರ್ಡಿಗೆ ಏನು ಬರೆಯಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕ್ರೈಸ್ತ ಮನೆಗಳಲ್ಲಿ ಮಗು ಹುಟ್ಟಿದಾಗ ಅಜ್ಜ ಅಜ್ಜಿಯರು ಬರೆಯುವ ಶುಭಾಶಯದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ವಚನಗಳ ಅರ್ಥವನ್ನಷ್ಟೇ ಇಲ್ಲಿ ಹೇಳಿ, ಅಧ್ಯಾಯ ಮತ್ತು ವಚನ ಸಂಖ್ಯೆ ಕೊಟ್ಟಿದ್ದೇವೆ. ಕಾರ್ಡಿಗೆ ಇಳಿಸುವಾಗ ನಿಮ್ಮ ಮನೆಯ ಬೈಬಲ್ ತೆರೆದು ಅಕ್ಷರ ಬಿಡದೆ ನೋಡಿ ಬರೆಯಿರಿ. ನೆನಪಿನಿಂದ ಬರೆದರೆ ಎರಡು ವಚನಗಳು ಬೆರೆತುಹೋಗುವುದು ತುಂಬ ಸಾಮಾನ್ಯ.

ಪ್ರಶ್ನೆ: ಮಗಳಿಗೆ ಹೆಣ್ಣು ಮಗುವಾಗಿದೆ. ಕಾರ್ಡು ತಂದಿಟ್ಟಿದ್ದೇನೆ. ‘ದೇವರು ನಿನ್ನನ್ನು ಆಶೀರ್ವದಿಸಲಿ’ ಎಂದು ಬರೆದ ಮೇಲೆ ಮುಂದಿನ ಸಾಲೇ ಹೊರಡುತ್ತಿಲ್ಲ. ಎಷ್ಟು ಬರೆಯಬೇಕು, ಎಲ್ಲಿಂದ ಶುರು ಮಾಡಬೇಕು?

ಮೊದಲು ಕಾರ್ಡು ಯಾರಿಗೆ ಎಂದು ತೀರ್ಮಾನಿಸಿ. ಬಹುಪಾಲು ಜನ ಪೆನ್ನು ಹಿಡಿದು ತಡವರಿಸುವುದು ಇದನ್ನು ತೀರ್ಮಾನಿಸದೆ ಕೂತಾಗಲೇ. ಮಗುವಿಗೆ ಎಂದು ಶುರು ಮಾಡಿ, ಎರಡನೆಯ ಸಾಲಿನಲ್ಲಿ ಮಗಳಿಗೆ ಅಭಿನಂದನೆ ಹೇಳಿ, ಮೂರನೆಯದರಲ್ಲಿ ಅಳಿಯನಿಗೆ ಬುದ್ಧಿಮಾತು ಹೇಳಿದರೆ ಓದುವವರಿಗೆ ಯಾವ ಮಾತೂ ನಾಟುವುದಿಲ್ಲ. ನಮ್ಮ ಸಲಹೆ ಕೇಳುವುದಾದರೆ ಮಗುವಿಗೇ ಬರೆಯಿರಿ. ಅಂಥ ಕಾರ್ಡನ್ನು ಎರಡು ಸಲ ಓದುತ್ತಾರೆ: ಈಗ ತಾಯಿ ಓದುತ್ತಾಳೆ, ಹತ್ತು ಹನ್ನೆರಡು ವರ್ಷದ ಮೇಲೆ ಮಗು ತಾನೇ ಓದುತ್ತದೆ. ಅಪ್ಪ ಅಮ್ಮನಿಗೆ ಹೇಳಬೇಕಾದ್ದು ಇದ್ದರೆ ಎಡಪುಟದಲ್ಲಿ ಬೇರೆಯಾಗಿ ಎರಡು ಸಾಲು ಸಾಕು.

ಎಷ್ಟು ಎಂಬುದನ್ನು ಕಾರ್ಡೇ ಹೇಳುತ್ತದೆ. ಎ5 ಹಾಳೆಯನ್ನು ಮಡಿಸಿದ ಸಾಮಾನ್ಯ ಕಾರ್ಡಿನ ಒಂದು ಪುಟ 105 ಮಿ.ಮೀ. ಅಗಲ, 148 ಮಿ.ಮೀ. ಉದ್ದ. ಸುತ್ತ ಒಂದೊಂದು ಸೆಂಟಿಮೀಟರ್ ಅಂಚು ಬಿಡಿ. ಕನ್ನಡಕ್ಕೆ ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕು, ಗುಣಿತಗಳಿಗೆ ಮೇಲೆ ಜಾಗ ಬೇಕು. ಹಾಗಾಗಿ ಸಾಲಿನಿಂದ ಸಾಲಿಗೆ 10 ಮಿ.ಮೀ. ಅಂತರವಿಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಲೆಕ್ಕ ಹಾಕಿದರೆ ಹನ್ನೆರಡು ಸಾಲು ಸಿಗುತ್ತದೆ. ಸಂಬೋಧನೆ, ಸಹಿ, ತಾರೀಖು, ನಡುವೆ ಬಿಡುವ ಜಾಗ ಕಳೆದರೆ ಮಾತಿಗೆ ಉಳಿಯುವುದು ಎಂಟು ಸಾಲು. ಒಂದು ಸಾಲಿಗೆ ನಾಲ್ಕೈದು ಪದ, ಒಟ್ಟು ಮೂವತ್ತೈದು ನಲವತ್ತು ಪದ. ಇದಕ್ಕಿಂತ ಹೆಚ್ಚು ಹೇಳಲಿಕ್ಕಿದ್ದರೆ ಅಕ್ಷರ ಸಣ್ಣದು ಮಾಡಬೇಡಿ, ಬೇರೆ ಹಾಳೆಯಲ್ಲಿ ಪತ್ರ ಬರೆದು ಒಳಗಿಡಿ.

ಈಗ ಕಾರ್ಡಿನಷ್ಟೇ ಅಳತೆಯ ಬಿಳಿ ಕಾಗದ ತೆಗೆದುಕೊಂಡು ಕರಡು ಮಾಡಿ. ಮಗುವಿನ ಹೆಸರು ಹಿಡಿದು ಕರೆಯಿರಿ. ಹೆಸರು ಇನ್ನೂ ಇಟ್ಟಿಲ್ಲವಾದರೆ ‘ಪ್ರೀತಿಯ ಮೊಮ್ಮಗಳೇ’ ಸಾಕು. ಇಟ್ಟಿದ್ದರೆ ಹೇಗೆ ಬರೆಯುತ್ತಾರೆಂದು ತಂದೆ ತಾಯಿಯನ್ನು ಕೇಳಿ, ಏಕೆಂದರೆ ಹ್ರಸ್ವ ದೀರ್ಘ ತಪ್ಪಿದ ಹೆಸರು ಕಾರ್ಡಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಆಮೇಲೆ ದೇವರಿಗೆ ಒಂದು ಕೃತಜ್ಞತೆಯ ಮಾತು. ಅದರ ಜೊತೆಗೆ ಈ ಮಗುವಿಗೆ ಮಾತ್ರ ಸಲ್ಲುವ ಒಂದು ವಿವರ ಇರಲಿ. ಮುಷ್ಟಿ ಬಿಡಿಸಿದಾಗ ಬೆರಳು ಹಿಡಿದುಕೊಂಡದ್ದು, ಎಡಗಿವಿಯ ತುದಿಯ ಮಚ್ಚೆ, ಮಳೆ ಬರುವ ಹೊತ್ತಿಗೆ ಹುಟ್ಟಿದ್ದು, ಹೀಗೆ ಏನಾದರೂ ಸರಿ, ಆದರೆ ನಿಜವಾದದ್ದಾಗಿರಬೇಕು. ಈ ಒಂದು ಸಾಲೇ ನಿಮ್ಮ ಕಾರ್ಡನ್ನು ಅಂಗಡಿಯ ಅಚ್ಚಿನ ಮಾತಿನಿಂದ ಬೇರೆ ಮಾಡುವುದು. ಮುಂದೆ ಒಂದು ವಚನ. ಎರಡು ಬೇಡ. ಆ ವಚನದಿಂದಲೇ ಹೊರಡುವ ಆಶೀರ್ವಾದ. ಕಡೆಗೆ ನೀವು ನಿಜಕ್ಕೂ ಮಾಡಲಿರುವ ಒಂದು ಕೆಲಸದ ಮಾತು ಕೊಡಿ. ‘ಸದಾ ನಿನ್ನ ಜೊತೆ ಇರುತ್ತೇವೆ’ ಎಂದು ಅಜ್ಜ ಅಜ್ಜಿ ಹೇಳಲಾಗದು, ‘ದಿನವೂ ನಿನ್ನ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ’ ಎನ್ನಬಹುದು.

ಹೀಗೆ ಬರಬಹುದು:

*ಪ್ರೀತಿಯ ಮೊಮ್ಮಗಳೇ,*
*ನಿನ್ನನ್ನು ಮೊದಲು ಎತ್ತಿಕೊಂಡಾಗ ನನ್ನ ಕಿರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಿನ್ನನ್ನು ನಮಗೆ ಕೊಟ್ಟ ದೇವರಿಗೆ ಸ್ತೋತ್ರ. ನೀನು ಹೋಗುವಾಗಲೂ ಬರುವಾಗಲೂ ಆತನು ನಿನ್ನನ್ನು ಕಾಯಲಿ (ಕೀರ್ತನೆ 121:8). ನಿನಗಾಗಿ ದಿನವೂ ಬೆಳಿಗ್ಗೆ ಪ್ರಾರ್ಥಿಸುತ್ತೇವೆ.*
*ನಿನ್ನ ಅಜ್ಜಿ, ತಾತ*

ಆಶೀರ್ವಾದದ ಕ್ರಿಯಾಪದವನ್ನು ಗಮನಿಸಿ. ‘ಕಾಯಲಿ’, ‘ನಡೆಸಲಿ’, ‘ಕೊಡಲಿ’ ಎಂದರೆ ಅದು ದೇವರಲ್ಲಿ ಬೇಡಿಕೆ. ‘ನೀನು ದೊಡ್ಡ ಸೇವಕಿಯಾಗುತ್ತೀಯ’, ‘ನಿನಗೆ ಯಾವ ಕೇಡೂ ಬರುವುದಿಲ್ಲ’ ಎಂದರೆ ಅದು ಭವಿಷ್ಯ ನುಡಿದಂತೆ. ಹದಿನೈದರ ಹುಡುಗಿ ಕಾಯಿಲೆ ಬಿದ್ದಾಗಲೋ ಪರೀಕ್ಷೆಯಲ್ಲಿ ಸೋತಾಗಲೋ ಅದನ್ನು ಓದಿದರೆ ಅಜ್ಜಿಯ ಮಾತು ಸುಳ್ಳಾಯಿತು ಎಂದೋ, ತಾನೇ ಅದಕ್ಕೆ ತಕ್ಕವಳಲ್ಲ ಎಂದೋ ಅನ್ನಿಸುತ್ತದೆ. ‘ನಿಮ್ಮಪ್ಪನ ಹಾಗೆ ಹಟ ಮಾಡಬೇಡ’, ‘ಥೇಟ್ ನಮ್ಮ ಕಡೆಯ ಮೂಗು’ ಎಂಬಂಥ ಮಾತುಗಳೂ ಬೇಡ. ಇನ್ನೊಂದು ಕಡೆಯ ಅಜ್ಜ ಅಜ್ಜಿಯರೂ ಈ ಕಾರ್ಡು ಓದುತ್ತಾರೆ.

ಪ್ರಶ್ನೆ: ಯಾವ ವಚನ ಹಾಕುವುದು? ಎಲ್ಲ ಕಾರ್ಡುಗಳಲ್ಲೂ ಅವೇ ನಾಲ್ಕೈದು ಕಾಣುತ್ತವೆ. ಅಜ್ಜ ಅಜ್ಜಿಯರಿಗೆ ಹೊಂದುವಂಥವು ಬೇರೆ ಇವೆಯೇ?

ಇವೆ, ಮತ್ತು ತುಂಬ ಚೆನ್ನಾಗಿವೆ. ಆದರೆ ಯಾವುದನ್ನು ಆರಿಸಿದರೂ ಅದರ ಹಿಂದಿನ ಐದು ವಚನ, ಮುಂದಿನ ಐದು ವಚನ ಓದಿದ ಮೇಲೆಯೇ ಬರೆಯಿರಿ. ಮಗು ಬೆಳೆದ ಮೇಲೆ ಬೈಬಲ್ ತೆರೆದು ಆ ಜಾಗ ಹುಡುಕಿದಾಗ ಸಿಗುವುದು ನೀವು ಹೇಳಬಯಸಿದ್ದೇ ಆಗಿರಬೇಕು.

ಹೆಚ್ಚು ಬಳಕೆಯಲ್ಲಿರುವವನ್ನೇ ಮೊದಲು ನೋಡೋಣ. ‘ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಹಿತದ ಆಲೋಚನೆಗಳು’ ಎಂಬ ಅರ್ಥದ ಯೆರೆಮೀಯ 29:11, ಬಾಬೆಲಿಗೆ ಸೆರೆಹೋದ ಜನರಿಗೆ ಬರೆದ ಪತ್ರದ ಮಾತು. ಅದರ ಹಿಂದಿನ ವಚನವೇ ಎಪ್ಪತ್ತು ವರ್ಷ ಕಾಯಬೇಕು ಎನ್ನುತ್ತದೆ. ಹಾಕಬಾರದೆಂದಲ್ಲ. ಕಷ್ಟದಲ್ಲಿರುವ ಕುಟುಂಬಕ್ಕೆ ಅದು ಗಟ್ಟಿಯಾದ ಮಾತು, ಯಶಸ್ಸಿನ ಖಾತರಿಯಾಗಿ ಮಾತ್ರ ಬಳಸಬೇಡಿ. ಗರ್ಭದಲ್ಲಿ ರೂಪಿಸುವ ಮೊದಲೇ ತಿಳಿದಿದ್ದೆ ಎಂಬ ಯೆರೆಮೀಯ 1:5, ಪ್ರವಾದಿಯೊಬ್ಬನಿಗೆ ಬಂದ ಕರೆ. ಅದೇ ವಚನದ ಕೊನೆಯಲ್ಲಿ ಜನಾಂಗಗಳಿಗೆ ಪ್ರವಾದಿಯಾಗಿ ನೇಮಿಸಿದ್ದೇನೆ ಎಂದಿದೆ. ಅದೇ ಭಾವ ಬೇಕಿದ್ದರೆ ಕೀರ್ತನೆ 139:13-14 ಎಲ್ಲ ಮಗುವಿಗೂ ಸಲ್ಲುತ್ತದೆ. ಕೀರ್ತನೆ 91:11, ದೇವದೂತರು ಕಾಯುವ ವಚನ, ಮತ್ತಾಯ 4:6ರಲ್ಲಿ ಸೈತಾನನ ಬಾಯಲ್ಲಿ ಬರುತ್ತದೆ. ದೂರದೂರಕ್ಕೆ ಹೋಗದೆ ಕಾಪಾಡುವ ಮಾತೇ ಬೇಕಾದರೆ ಕೀರ್ತನೆ 121 ಎಂಟೇ ವಚನಗಳ ಕೀರ್ತನೆ, ಪೂರ್ತಿ ಕಾಪಾಡುವುದರ ಬಗ್ಗೆಯೇ ಇದೆ.

‘ನಮಗೊಂದು ಮಗು ಹುಟ್ಟಿದೆ’ ಎಂಬ ಯೆಶಾಯ 9:6 ಕಿವಿಗೆ ಇಂಪಾಗಿದೆ, ಆದರೆ ಅದನ್ನು ಸಭೆ ಓದುವುದು ಕ್ರಿಸ್ತನ ಬಗ್ಗೆ. ನಮ್ಮ ಮನೆಯ ಮಗುವಿಗೆ ಹಾಕುವುದಲ್ಲ. ಯೋಬ 1:21ರಿಂದ ‘ಯೆಹೋವನು ಕೊಟ್ಟನು’ ಎಂಬಷ್ಟನ್ನು ಮಾತ್ರ ಎತ್ತಿ ಬರೆದ ಕಾರ್ಡುಗಳಿವೆ. ಉಳಿದರ್ಧ ‘ಯೆಹೋವನು ತೆಗೆದುಕೊಂಡನು’ ಎಂಬುದು. ಎಳೆಗೂಸಿನ ತಾಯಿಯ ಕಣ್ಣಿಗೆ ಅದು ಬೀಳಬಾರದು.

ಇನ್ನು ಅಜ್ಜ ಅಜ್ಜಿಯರ ವಚನಗಳು. ಆದಿಕಾಂಡ 48ನೆಯ ಅಧ್ಯಾಯವನ್ನು ಒಮ್ಮೆ ಕೂತು ಓದಿ. ಮುಪ್ಪಿನಿಂದ ಕಣ್ಣು ಮಂಜಾದ ಯಾಕೋಬನು ಮೊಮ್ಮಕ್ಕಳಾದ ಎಫ್ರಾಯೀಮ್ ಮತ್ತು ಮನಸ್ಸೆಯನ್ನು ಹತ್ತಿರ ಕರೆಸಿ ಮುದ್ದಿಟ್ಟು ಅಪ್ಪಿಕೊಳ್ಳುತ್ತಾನೆ. ಮಗ ಯೋಸೇಫನಿಗೆ ಅವನು ಹೇಳುವ ಮಾತು 11ನೆಯ ವಚನದಲ್ಲಿದೆ: ನಿನ್ನ ಮುಖವನ್ನೇ ಕಾಣುತ್ತೇನೆಂದು ನೆನೆಸಿರಲಿಲ್ಲ, ದೇವರು ನಿನ್ನ ಮಕ್ಕಳನ್ನೂ ಕಾಣುವಂತೆ ಮಾಡಿದ್ದಾನೆ. ದೊಡ್ಡ ಕಾಯಿಲೆಯಿಂದ ಎದ್ದ ಅಜ್ಜನಿಗೆ, ಮಗನನ್ನು ಬಹಳ ಕಾಲ ಅಗಲಿದ್ದವರಿಗೆ ಇದಕ್ಕಿಂತ ಹತ್ತಿರದ ಮಾತು ಸಿಗದು. ಮುಂದೆ 15 ಮತ್ತು 16ರಲ್ಲಿ ಮೊಮ್ಮಕ್ಕಳಿಗೆ ಆಶೀರ್ವಾದವಿದೆ: ಹುಟ್ಟಿದಂದಿನಿಂದ ಈವರೆಗೆ ನನ್ನನ್ನು ಕುರುಬನಂತೆ ನಡೆಸಿದ ದೇವರು ಈ ಹುಡುಗರನ್ನು ಆಶೀರ್ವದಿಸಲಿ. ಇದರ ಮಾದರಿಯನ್ನು ನೀವೂ ಹಿಡಿಯಬಹುದು. ನಿಮ್ಮ ಬದುಕಿನಲ್ಲಿ ದೇವರು ಏನು ಮಾಡಿದನೋ ಅದನ್ನು ಒಂದು ಮಾತಿನಲ್ಲಿ ಹೇಳಿ, ಅದೇ ದೇವರು ಮಗುವಿಗೂ ಹಾಗೆ ಮಾಡಲಿ ಎನ್ನಿ.

ರೂತಳು 4:16ರಲ್ಲಿ ನೊವೊಮಿ ಸೊಸೆ ರೂತಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಸಾಕುತ್ತಾಳೆ. ಅಜ್ಜಿಯ ಚಿತ್ರವೇ ಅದು. ಅದರ ಹಿಂದಿನ ವಚನದಲ್ಲಿ ಊರ ಹೆಂಗಸರು, ನಿನ್ನನ್ನು ಪ್ರೀತಿಸುವ ಈ ಸೊಸೆ ಏಳು ಮಂದಿ ಗಂಡುಮಕ್ಕಳಿಗಿಂತ ಮೇಲು ಎನ್ನುತ್ತಾರೆ. ಮೊಮ್ಮಗು ಮಗನ ಮನೆಯದಾದರೆ ಎಡಪುಟದಲ್ಲಿ ಸೊಸೆಗೆ ಈ ವಚನ ಬರೆಯಿರಿ. ಬರೆದವರು ಕಡಿಮೆ, ಓದಿದವರು ಮರೆಯುವುದಿಲ್ಲ.

ಯೆಶಾಯ 46:3-4 ನಮಗೆ ಎಲ್ಲಕ್ಕಿಂತ ಇಷ್ಟ. ಗರ್ಭದಿಂದ ಹೊತ್ತು ತಂದವನು ನಾನು, ನೀವು ಮುಪ್ಪಾಗಿ ಕೂದಲು ನರೆತರೂ ಹೊರುವವನು ನಾನೇ ಎಂದು ದೇವರು ಹೇಳುವ ಮಾತು. ಕೂಸು ಮತ್ತು ಮುದುಕರು, ಇಬ್ಬರೂ ಒಂದೇ ತೋಳಿನಲ್ಲಿ. ‘ನಿನ್ನನ್ನೂ ನನ್ನನ್ನೂ ಹೊರುವವನು ಒಬ್ಬನೇ’ ಎಂದು ಅದರ ಕೆಳಗೆ ಬರೆದರೆ ಬೇರೆ ಆಶೀರ್ವಾದವೇ ಬೇಡ.

ಜ್ಞಾನೋಕ್ತಿಗಳು 17:6 ಮೊಮ್ಮಕ್ಕಳು ಮುದುಕರಿಗೆ ಕಿರೀಟ ಎನ್ನುತ್ತದೆ. ಚಿಕ್ಕದು, ಕಾರ್ಡಿನ ಮುಖಪುಟಕ್ಕೂ ಹೊಂದುತ್ತದೆ. 2 ತಿಮೊಥೆಯನಿಗೆ 1:5ರಲ್ಲಿ ತಿಮೊಥೆಯನ ಅಜ್ಜಿ ಲೋವಿ, ತಾಯಿ ಯೂನಿಕೆ ಇಬ್ಬರ ನಂಬಿಕೆಯ ಪ್ರಸ್ತಾಪವಿದೆ. ಮಗಳ ಮಗುವಿಗೆ ಅಜ್ಜಿ ಬರೆಯುವುದಾದರೆ ಒಳ್ಳೆಯ ಆಯ್ಕೆ. ಬೆಳವಣಿಗೆಗೆ ಹಾರೈಸಬೇಕಿದ್ದರೆ ಲೂಕ 2:52: ಜ್ಞಾನದಲ್ಲಿ, ದೇಹದಲ್ಲಿ, ದೇವರ ಮತ್ತು ಜನರ ದಯೆಯಲ್ಲಿ ಬೆಳೆಯುವುದು. ಓದು, ಅಂಕ, ಹುದ್ದೆ ಎಲ್ಲ ಬಿಟ್ಟು ಮಗುವಿಗೆ ಬೇಕಾದ್ದನ್ನೆಲ್ಲ ಅದು ಹೇಳಿಬಿಡುತ್ತದೆ.

ಯಾವುದೂ ತೋಚದಿದ್ದರೆ ಅರಣ್ಯಕಾಂಡ 6:24-26. ಯಾಜಕರು ಜನರನ್ನು ಆಶೀರ್ವದಿಸಲೆಂದು ಕೊಟ್ಟ ಮಾತುಗಳು ಅವು. ಇಬ್ರಿಯ ಭಾಷೆಯಲ್ಲಿ ಒಟ್ಟು ಹದಿನೈದು ಪದ. ಮೊದಲ ಸಾಲಿಗೆ 3, ಎರಡನೆಯದಕ್ಕೆ 5, ಮೂರನೆಯದಕ್ಕೆ 7, ಏರುತ್ತ ಹೋಗುತ್ತವೆ. ಜೆರುಸಲೇಮಿನ ಕೆತೆಫ್ ಹಿನ್ನೋಮ್ ಎಂಬಲ್ಲಿ 1979ರಲ್ಲಿ ಹಳೆಯ ಸಮಾಧಿಯೊಂದರಲ್ಲಿ ಎರಡು ಪುಟ್ಟ ಬೆಳ್ಳಿ ಸುರುಳಿಗಳು ಸಿಕ್ಕವು. ಅವುಗಳ ಮೇಲೆ ಸಣ್ಣಕ್ಷರದಲ್ಲಿ ಕೊರೆದಿರುವುದು ಇದೇ ಆಶೀರ್ವಾದದ ಮಾತುಗಳು. ಎರಡೂವರೆ ಸಾವಿರ ವರ್ಷದ ಹಿಂದೆಯೂ ಜನ ಇದನ್ನು ಬರೆದು ಜೊತೆಯಲ್ಲಿಟ್ಟುಕೊಳ್ಳುತ್ತಿದ್ದರು ಎಂದಾಯಿತು. ನಿಮ್ಮ ಬೈಬಲಿನಲ್ಲಿ ‘ನಿಮ್ಮನ್ನು’ ಎಂದಿದ್ದರೆ ಮಗುವಿಗಾಗಿ ‘ನಿನ್ನನ್ನು’ ಎಂದು ಬದಲಿಸಿಕೊಳ್ಳಲು ಹಿಂಜರಿಯಬೇಡಿ, ಇಬ್ರಿಯ ಮೂಲದಲ್ಲಿ ಏಕವಚನವೇ ಇದೆ.

ಪ್ರಶ್ನೆ: ಮಗನಿಗೆ ಇದು ಮೂರನೆಯ ಹೆಣ್ಣು ಮಗು. ಬಂದವರೆಲ್ಲ ‘ಮುಂದಿನದು ಗಂಡಾಗಲಿ’ ಎನ್ನುತ್ತಿದ್ದಾರೆ. ಸೊಸೆಗೆ ಸಮಾಧಾನವಾಗುವಂತೆ ಏನು ಬರೆಯಲಿ?

ಸಮಾಧಾನ ಹೇಳಬೇಡಿ. ಸಮಾಧಾನ ಹೇಳುವುದೇ ನಷ್ಟವಾಗಿದೆ ಎಂದು ಒಪ್ಪಿಕೊಂಡಂತೆ. ‘ಹೆಣ್ಣಾದರೇನು’, ‘ಹೆಣ್ಣಾದರೂ’ ಎಂಬ ಪದಗಳು ಕಾರ್ಡಿನಲ್ಲಿ ಎಲ್ಲೂ ಇರಬಾರದು. ಮೊದಲ ಮೊಮ್ಮಗಳಿಗೆ ಎಷ್ಟು ಸಂಭ್ರಮದಿಂದ ಬರೆದಿದ್ದಿರೋ ಅಷ್ಟೇ ಉದ್ದ, ಅಷ್ಟೇ ಒಳ್ಳೆಯ ಕಾರ್ಡು ಈ ಮಗುವಿಗೂ ಹೋಗಲಿ. ಅಕ್ಕಂದಿರ ಕಾರ್ಡಿನ ಪಕ್ಕದಲ್ಲಿಟ್ಟು ನೋಡುವ ದಿನ ಬಂದೇ ಬರುತ್ತದೆ.

ಕೀರ್ತನೆ 127:3 ಬಳಸುವಾಗ ಎಚ್ಚರವಿರಲಿ. ಮಕ್ಕಳು ದೇವರಿಂದ ಬಂದ ಸ್ವಾಸ್ತ್ಯ (ಪಾಲಿಗೆ ಬಂದ ಆಸ್ತಿ) ಎಂಬ ಆ ವಚನ ಕೆಲವು ಅನುವಾದಗಳಲ್ಲಿ ‘ಪುತ್ರ’ ಎಂಬ ಪದದಿಂದ ಶುರುವಾಗುತ್ತದೆ. ಈ ಮನೆಗೆ ಅದು ಬೇಡ. ಚೆಫನ್ಯ 3:17 ಹಾಕಿ: ದೇವರು ನಿನ್ನಲ್ಲಿ ಉಲ್ಲಾಸಗೊಂಡು ಹಾಡುತ್ತಾನೆ ಎಂಬುದು ಅದರ ಭಾವ. ‘ನಿನ್ನನ್ನು ನೋಡಿ ದೇವರು ಹಾಡುತ್ತಾನೆ, ನಾವೂ ಹಾಡುತ್ತಿದ್ದೇವೆ’ ಎಂಬ ಒಂದು ಸಾಲು ಬಂದವರ ಮಾತಿಗೆಲ್ಲ ಉತ್ತರವಾಗುತ್ತದೆ. ಕಾರ್ಡಿಗಲ್ಲ, ನಿಮಗಾಗಿ ಇನ್ನೊಂದು ಮಾತು: ಯೋಬನ ಪುಸ್ತಕದ ಕೊನೆಯಲ್ಲಿ (42:14-15) ಅವನ ಮೂವರು ಹೆಣ್ಣುಮಕ್ಕಳ ಹೆಸರು ಬರೆದಿದೆ, ಅವರಿಗೆ ಅಣ್ಣತಮ್ಮಂದಿರ ಜೊತೆ ಆಸ್ತಿ ಕೊಟ್ಟದ್ದೂ ಬರೆದಿದೆ. ಗಂಡುಮಕ್ಕಳ ಹೆಸರು ಮಾತ್ರ ಒಂದೂ ಬರೆದಿಲ್ಲ.

ಪ್ರಶ್ನೆ: ಮೊಮ್ಮಗ ಅವಧಿಗೆ ಮುಂಚೆ ಹುಟ್ಟಿ ತೀವ್ರ ನಿಗಾ ಘಟಕದಲ್ಲಿದ್ದಾನೆ. ಈಗಲೇ ಕಾರ್ಡು ಕೊಡಬಹುದೇ, ಮನೆಗೆ ಬರುವವರೆಗೆ ಕಾಯಬೇಕೇ?

ಈಗಲೇ ಕೊಡಿ. ಕಾಯುತ್ತಿದ್ದೇವೆ ಎಂದರೆ ಮಗು ಉಳಿಯುತ್ತದೋ ಇಲ್ಲವೋ ನೋಡುತ್ತಿದ್ದೇವೆ ಎಂದು ತಂದೆ ತಾಯಿಗೆ ಕೇಳಿಸುತ್ತದೆ. ಮಗು ಹುಟ್ಟಿದೆ, ಅದು ನಿಮ್ಮ ಮೊಮ್ಮಗ, ಸಂತೋಷದ ಮಾತು ಕೇಳುವ ಹಕ್ಕು ಅವನಿಗೂ ಅವರಿಗೂ ಇದೆ. ಹೆಸರಿಟ್ಟಿದ್ದರೆ ಹೆಸರು ಬರೆಯಿರಿ.

ವಾಸಿಯಾಗುತ್ತಾನೆ ಎಂದು ಮಾತು ಕೊಡಬೇಡಿ. ‘ಎಲ್ಲವೂ ಒಳ್ಳೆಯದಕ್ಕೇ’ ಎಂದು ರೋಮಾಪುರದವರಿಗೆ 8:28ನ್ನು ಮೊಟಕು ಮಾಡಿಯೂ ಬರೆಯಬೇಡಿ. ಗಾಜಿನ ಪೆಟ್ಟಿಗೆಯ ಪಕ್ಕ ಕೂತ ತಾಯಿಗೆ ಆ ಮಾತು ಭಾರ. ಎರಡು ವಚನಗಳು ಇಲ್ಲಿ ನಿಜಕ್ಕೂ ಆಧಾರ ಕೊಡುತ್ತವೆ. ಕೀರ್ತನೆ 121:4, ಕಾಯುವವನು ತೂಕಡಿಸುವುದೂ ಇಲ್ಲ, ನಿದ್ರಿಸುವುದೂ ಇಲ್ಲ. ಯಂತ್ರದ ಸದ್ದಿಗೆ ಬೆಚ್ಚಿ ರಾತ್ರಿಯೆಲ್ಲ ಎದ್ದಿರುವವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಯೆಶಾಯ 49:15-16, ತಾಯಿ ಮರೆತರೂ ನಾನು ಮರೆಯೆನು, ನನ್ನ ಅಂಗೈಯಲ್ಲಿ ನಿನ್ನನ್ನು ಕೆತ್ತಿಕೊಂಡಿದ್ದೇನೆ. ತಾಯಿ ಮರೆಯುವ ಭಾಗ ಬಿಟ್ಟು 16ನೆಯ ವಚನ ಮಾತ್ರ ಸಾಕು.

*ನಮ್ಮ ಪುಟ್ಟ ಮೊಮ್ಮಗನೇ, ನೀನು ಬಂದದ್ದು ನಮಗೆ ಸಂತೋಷ. ನಿನ್ನನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ. ನಿನ್ನ ಅಪ್ಪ ಅಮ್ಮ ಒಂದಿಷ್ಟು ಮಲಗಲಿ ಎಂದು ನಾವು ಸರದಿಯಲ್ಲಿ ಎದ್ದು ಪ್ರಾರ್ಥಿಸುತ್ತೇವೆ.*

ಮಿನುಗುಪುಡಿ ಅಂಟಿಸಿದ, ಬಟ್ಟೆಯ ಹೂವಿರುವ ಕಾರ್ಡು ಬೇಡ. ಉದುರುವ ವಸ್ತುಗಳನ್ನು ಅಂಥ ಘಟಕಗಳ ಒಳಗೆ ಬಿಡುವುದು ಕಷ್ಟ. ಸಾದಾ ಕಾರ್ಡನ್ನು ತಂದೆ ತಾಯಿಯ ಕೈಗೆ ಕೊಡಿ, ಒಳಗೆ ಒಯ್ಯಬಹುದೇ ಎಂದು ಅವರು ದಾದಿಯರನ್ನು ಕೇಳಿಕೊಳ್ಳಲಿ.

ಪ್ರಶ್ನೆ: ಈ ಮಗುವಿಗೆ ಮುಂಚೆ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಅದನ್ನು ನೆನೆಯಬೇಕೇ?

ಮಗುವಿನ ಕಾರ್ಡಿನಲ್ಲಿ ಬೇಡ. ತಾನು ಇನ್ನೊಬ್ಬರ ಜಾಗದಲ್ಲಿ ಬಂದವನು ಎಂಬ ಭಾವ ಈ ಮಗುವಿಗೆ ಬರಬಾರದು. ‘ದೇವರು ಕಳೆದುಕೊಂಡದ್ದನ್ನು ತಿರುಗಿ ಕೊಟ್ಟ’ ಎಂಬ ವಾಕ್ಯ, ಕೊಲೆಯಾದ ಹೇಬೆಲನಿಗೆ ಬದಲಾಗಿ ಸೇತ ಹುಟ್ಟಿದನೆಂಬ ಆದಿಕಾಂಡ 4:25, ಎರಡೂ ಈ ಮನೆಗೆ ಸಲ್ಲವು. ಆದರೆ ಮೊದಲ ಮಗುವನ್ನು ನೀವು ಮರೆತಿಲ್ಲ ಎಂದು ತಾಯಿಗೆ ಗೊತ್ತಾಗಬೇಕು. ಅವಳೊಬ್ಬಳಿಗೇ ಬೇರೆ ಚೀಟಿ ಬರೆಯಿರಿ: ‘ಇಂದು ನಿನ್ನ ಮೊದಲ ಮಗುವನ್ನೂ ನೆನೆದೆವು.’ ಕೆಳಗೆ ಕೀರ್ತನೆ 34:18, ಮುರಿದ ಮನಸ್ಸಿನವರಿಗೆ ದೇವರು ಹತ್ತಿರ ಎಂಬುದು. ಅಷ್ಟೇ ಸಾಕು, ವಿವರಣೆ ಬೇಡ.

ಪ್ರಶ್ನೆ: ಮಗ ಸೊಸೆ ಎಳೆಗೂಸನ್ನು ದತ್ತು ತಂದಿದ್ದಾರೆ. ಎಲ್ಲ ವಚನಗಳಲ್ಲೂ ‘ಗರ್ಭಫಲ’ ಎಂದೇ ಇದೆ.

ಆದಿಕಾಂಡ 48ಕ್ಕೇ ಹಿಂತಿರುಗಿ. 5ನೆಯ ವಚನದಲ್ಲಿ ಯಾಕೋಬನು, ಈ ಇಬ್ಬರು ಮೊಮ್ಮಕ್ಕಳು ನನ್ನವರೇ, ನನ್ನ ಸ್ವಂತ ಮಕ್ಕಳ ಸಾಲಿನವರೇ ಎಂದು ಬಾಯಿಬಿಟ್ಟು ಹೇಳುತ್ತಾನೆ. ಎಫೆಸದವರಿಗೆ 1:5 ದೇವರು ನಮ್ಮನ್ನೇ ದತ್ತುಮಕ್ಕಳಾಗಿ ತೆಗೆದುಕೊಂಡ ಮಾತು. ಮಕ್ಕಳಿಲ್ಲದೆ ಕೊರಗಿದ್ದ ಹನ್ನಳ ‘ಈ ಮಗುವಿಗಾಗಿಯೇ ಬೇಡಿಕೊಂಡೆ’ (1 ಸಮುವೇಲ 1:27) ಎಂಬುದೂ ಬಹಳ ವರ್ಷ ಕಾದವರಿಗೆ ಒಪ್ಪುತ್ತದೆ.

ಮಗುವಿಗೆ ‘ಬದುಕು ಕೊಟ್ಟರು’, ‘ಪುಣ್ಯದ ಕೆಲಸ ಮಾಡಿದರು’ ಎಂದು ಬರೆಯಬೇಡಿ. ಮಗು ಬೆಳೆದು ಓದಿದಾಗ ತಾನು ಋಣದಲ್ಲಿದ್ದೇನೆ ಎಂದುಕೊಳ್ಳುತ್ತದೆ. ಮನೆಗೆ ಬಂದ ದಿನದ ತಾರೀಖು ಹಾಕಿ. ‘ಸ್ವಂತ ಮಗುವಿನಂತೆ’ ಎಂಬಲ್ಲಿ ಆ ‘ಅಂತೆ’ ಬೇಡ.

ಪ್ರಶ್ನೆ: ಸೊಸೆ ಬೇರೆ ಧರ್ಮದವಳು, ಮಗನೂ ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದಾನೆ. ನನ್ನ ನಂಬಿಕೆಯನ್ನು ಬಚ್ಚಿಡಲೂ ಮನಸ್ಸಿಲ್ಲ, ಅವರ ಮನಸ್ಸು ನೋಯಿಸಲೂ ಇಷ್ಟವಿಲ್ಲ.

ಬಚ್ಚಿಡಬೇಡಿ. ನಿಮ್ಮನ್ನು ಅರಿತ ಮಗನಿಗೆ ಅದು ಕೃತಕ ಎಂದು ತಕ್ಷಣ ಗೊತ್ತಾಗುತ್ತದೆ. ‘ನಾನು’ ಎಂದು ಬರೆಯಿರಿ: ‘ನಾನು ನಂಬಿರುವ ದೇವರಲ್ಲಿ ನಿನಗಾಗಿ ದಿನವೂ ಬೇಡುತ್ತೇನೆ.’ ಅದು ನಿಮ್ಮ ಮಾತು, ನಿಮ್ಮ ಕೆಲಸ. ಯಾರಿಂದಲೂ ಏನನ್ನೂ ಕೇಳುವುದಿಲ್ಲ. ನೋವಾಗುವುದು ಕಾರ್ಡು ಅವರ ಮೇಲೆ ಕೆಲಸ ಹೊರಿಸಿದಾಗ. ‘ಈ ಮಗುವನ್ನು ಕರ್ತನ ಮಾರ್ಗದಲ್ಲಿ ಬೆಳೆಸಿ’, ‘ಬೇಗ ದೀಕ್ಷಾಸ್ನಾನ ಮಾಡಿಸಿ’ ಎಂಬ ಸಾಲುಗಳು ಶುಭಾಶಯದ ವೇಷದಲ್ಲಿ ಬಂದ ವಾದಗಳು. ಬಾಲಕನನ್ನು ತಕ್ಕ ದಾರಿಯಲ್ಲಿ ಬೆಳೆಸಬೇಕೆಂಬ ಜ್ಞಾನೋಕ್ತಿಗಳು 22:6 ಕೂಡ ಇಲ್ಲಿ ಚುಚ್ಚುಮಾತಾಗಿಯೇ ಕೇಳಿಸುತ್ತದೆ. ಅದನ್ನೆಲ್ಲ ಮಾತಾಡಲೇಬೇಕಿದ್ದರೆ ಎದುರು ಕೂತು ಮಾತಾಡಿ. ಅರಣ್ಯಕಾಂಡದ ಆಶೀರ್ವಾದ ಈ ಮನೆಗೂ ಹೊಂದುತ್ತದೆ: ಕಾಪಾಡಲಿ, ದಯವಿಡಲಿ, ಶಾಂತಿ ಕೊಡಲಿ. ಬೇಡವೆನ್ನುವ ತಾಯಿ ಇರಲಾರಳು. ಸೊಸೆಗೆ ಹೆಸರು ಹಿಡಿದು ಒಂದು ಪ್ರೀತಿಯ ಸಾಲು ಮರೆಯಬೇಡಿ.

ಪ್ರಶ್ನೆ: ನಾವು ಕಥೋಲಿಕರು, ಬೀಗರು ಪ್ರೊಟೆಸ್ಟಂಟರು. ಒಂದೇ ಕಾರ್ಡಿಗೆ ಸಹಿ ಹಾಕಬೇಕೆಂದಿದ್ದೇವೆ. ಪದಗಳಲ್ಲಿ ವ್ಯತ್ಯಾಸ ಬರುತ್ತದೆ.

ಬರುತ್ತದೆ, ಆದರೆ ದಾಟಲಾಗದ್ದಲ್ಲ. ಒಬ್ಬರ ಬೈಬಲಿನಲ್ಲಿ ‘ಯೆಹೋವ’, ಇನ್ನೊಬ್ಬರದರಲ್ಲಿ ‘ಸರ್ವೇಶ್ವರ’ ಇರಬಹುದು. ‘ದೇವರು’ ಎಂಬ ಪದ ಇಬ್ಬರಿಗೂ ಒಪ್ಪಿಗೆ. ಪುಸ್ತಕದ ಹೆಸರೂ ಬದಲಾಗುತ್ತದೆ. ಅರಣ್ಯಕಾಂಡವೇ ಕೆಲವು ಅನುವಾದಗಳಲ್ಲಿ ಸಂಖ್ಯಾಕಾಂಡ. ಹಳೆಯ ಕಥೋಲಿಕ ಆವೃತ್ತಿಗಳಲ್ಲಿ ಹೆಚ್ಚಿನ ಕೀರ್ತನೆಗಳ ಸಂಖ್ಯೆ ಒಂದು ಕಡಿಮೆ ಇರುತ್ತದೆ, 121 ಅಲ್ಲಿ 120 ಆಗಿರಬಹುದು. ವಚನವನ್ನು ಪೂರ್ತಿ ಬರೆದರೆ ಈ ಗೊಂದಲ ಇಲ್ಲ.

ದೀಕ್ಷಾಸ್ನಾನದ ಮಾತು ಜನನದ ಕಾರ್ಡಿನಲ್ಲಿ ಬೇಡ. ಕಥೋಲಿಕ, ಆರ್ಥೊಡಾಕ್ಸ್, ಆಂಗ್ಲಿಕನ್, ಲುಥರನ್, ಮೆಥೊಡಿಸ್ಟ್ ಸಭೆಗಳು ಎಳೆಗೂಸುಗಳಿಗೆ ಕೊಡುತ್ತವೆ. ಬ್ಯಾಪ್ಟಿಸ್ಟ್, ಪೆಂಟೆಕೋಸ್ಟಲ್, ಬ್ರದರನ್ ಸಭೆಗಳಲ್ಲಿ ಮಗುವನ್ನು ದೇವರಿಗೆ ಪ್ರತಿಷ್ಠಿಸಿ ಪ್ರಾರ್ಥಿಸುತ್ತಾರೆ, ಸ್ನಾನ ನಂಬಿಕೆಯನ್ನು ತಾನೇ ಒಪ್ಪಿಕೊಂಡ ಮೇಲೆ. ಯಾವುದು ಎಂದು ತಂದೆ ತಾಯಿ ತೀರ್ಮಾನಿಸಿದ ದಿನ ಅದಕ್ಕೆ ಬೇರೆ ಕಾರ್ಡು. ಒಟ್ಟಿಗೆ ಸಹಿ ಹಾಕುವಾಗ ಮಗು ಯಾರನ್ನು ಏನೆಂದು ಕರೆಯಲಿದೆಯೋ ಹಾಗೇ ಬರೆಯಿರಿ, ಪಕ್ಕದಲ್ಲಿ ಚಿಕ್ಕದಾಗಿ ಪೂರ್ಣ ಹೆಸರು. ಮುಂದಿನ ತಲೆಮಾರಿಗೆ ‘ಅಜ್ಜಿ’ ಎಂದರೆ ಯಾವ ಅಜ್ಜಿ ಎಂದು ತಿಳಿಯದು.

ಪ್ರಶ್ನೆ: ಹಳೆಯ ಕಾರ್ಡುಗಳ ಶಾಯಿ ಮಾಸಿಹೋಗಿದೆ. ಮೊಮ್ಮಗು ದೊಡ್ಡದಾಗುವವರೆಗೂ ಉಳಿಯುವಂತೆ ಬರೆಯುವುದು ಹೇಗೆ?

ಪೆನ್ನಿನ ಮೇಲೆ ‘ಪಿಗ್ಮೆಂಟ್’ ಎಂದು ಇರಲಿ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಕಣಗಳೇ ಕಾಗದದ ಮೇಲೆ ಕೂರುತ್ತವೆ, ಬೆಳಕಿಗೂ ನೀರಿಗೂ ಬೇಗ ಸೋಲುವುದಿಲ್ಲ. ಸಾಮಾನ್ಯ ಫೌಂಟನ್ ಪೆನ್ನಿನ ಶಾಯಿ, ಸ್ಕೆಚ್ ಪೆನ್ನು ಬಹುಮಟ್ಟಿಗೆ ಕರಗುವ ಬಣ್ಣದವು. ಒಂದು ಹನಿ ನೀರಿಗೆ ಹರಡುತ್ತವೆ, ಬಿಸಿಲಿಗೆ ಬಿಳುಚುತ್ತವೆ. ಕಪ್ಪು ಬಣ್ಣ ಆರಿಸಿ, 0.5 ಮಿ.ಮೀ. ಮೊನೆ ಕನ್ನಡದ ಸುರುಳಿಗಳಿಗೆ ಸರಿಯಾಗುತ್ತದೆ. 0.7 ಆದರೆ ಒತ್ತಕ್ಷರಗಳ ಒಳಗಿನ ಜಾಗ ತುಂಬಿಹೋಗುತ್ತದೆ.

ಕಾರ್ಡಿನ ಒಳಪುಟ ಹೊಳೆಯುತ್ತಿದ್ದರೆ ಶಾಯಿ ಇಂಗದೆ ಮೇಲೇ ನಿಲ್ಲುತ್ತದೆ, ಮಡಿಸಿದಾಗ ಎದುರು ಪುಟಕ್ಕೆ ಅಂಟುತ್ತದೆ. ಹಿಂಬದಿಯ ಮೂಲೆಯಲ್ಲಿ ಒಂದು ಅಕ್ಷರ ಬರೆದು ಐದು ನಿಮಿಷ ಬಿಟ್ಟು ಬೆರಳಿಂದ ಉಜ್ಜಿ ನೋಡಿ. ಹರಡಿದರೆ ಆ ಪುಟದಲ್ಲಿ ಬರೆಯಬೇಡಿ, ಆಮ್ಲರಹಿತ ಬಿಳಿ ಹಾಳೆಯಲ್ಲಿ ಬರೆದು ಒಳಗೆ ಇಡಿ. ಗೆರೆ ಬೇಕಿದ್ದರೆ ಪೆನ್ಸಿಲಿನಲ್ಲಿ ತೆಳ್ಳಗೆ ಎಳೆದು, ಬರೆದ ಮೇಲೆ ಶಾಯಿ ಪೂರ್ತಿ ಒಣಗಲು ಒಂದು ರಾತ್ರಿ ಬಿಟ್ಟು ಅಳಿಸಿ. ಅವಸರದಲ್ಲಿ ರಬ್ಬರು ಹಾಕಿದರೆ ಅಕ್ಷರವೂ ಹೋಗುತ್ತದೆ.

ಇಡುವಾಗ ಲ್ಯಾಮಿನೇಟ್ ಮಾಡಿಸಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ. ಮೆತ್ತನೆಯ ಪಿವಿಸಿ ಕವರು ಕಾಲಕ್ರಮೇಣ ಶಾಯಿಯನ್ನು ಎಳೆದುಕೊಂಡು ಅಂಟುತ್ತದೆ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ತೆಗೆದುಕೊಳ್ಳಿ. ಪತ್ರಿಕೆಯ ತುಣುಕನ್ನೋ ಆಸ್ಪತ್ರೆಯ ರಸೀದಿಯನ್ನೋ ಜೊತೆಗಿಡುವುದು ಬೇಡ. ಪತ್ರಿಕೆಯ ಕಾಗದದ ಆಮ್ಲ ಪಕ್ಕದ ಹಾಳೆಯನ್ನೂ ಹಳದಿ ಮಾಡುತ್ತದೆ, ಶಾಖದಿಂದ ಅಚ್ಚಾಗುವ ರಸೀದಿ ತಾನೇ ಬಿಳಿಯಾಗುತ್ತದೆ. ತಾರೀಖು ಬರೆಯುವಾಗ ವರ್ಷವನ್ನು ನಾಲ್ಕೂ ಅಂಕಿಗಳಲ್ಲಿ ಬರೆಯಿರಿ.

ಪ್ರಶ್ನೆ: ಫೋನಿನಲ್ಲಿ ಎರಡೇ ಸಾಲಿನ ಸಂದೇಶ ಕಳಿಸುವುದಿದ್ದರೆ?

ಕೃತಜ್ಞತೆ ಒಂದು ಸಾಲು, ಆಶೀರ್ವಾದ ಒಂದು ಸಾಲು: ‘ಮೊಮ್ಮಗಳನ್ನು ಕೊಟ್ಟ ದೇವರಿಗೆ ಸ್ತೋತ್ರ. ಆತನು ತಾಯಿಗೂ ಮಗುವಿಗೂ ಬಲ ಕೊಡಲಿ, ಮನೆಗೆ ಶಾಂತಿ ಕೊಡಲಿ.’ ತಾಯಿಯನ್ನು ಬಿಡಬೇಡಿ, ಆ ದಿನ ಎಲ್ಲರೂ ಮಗುವನ್ನೇ ಕೇಳುತ್ತಿರುತ್ತಾರೆ. ತಂದೆ ತಾಯಿ ತಾವೇ ಸುದ್ದಿ ಹೇಳುವವರೆಗೆ ಗುಂಪುಗಳಲ್ಲಿ ಹಾಕಬೇಡಿ, ಮಗುವಿನ ಚಿತ್ರವನ್ನಂತೂ ಕೇಳದೆ ಹಾಕಲೇಬೇಡಿ. ಎಷ್ಟೇ ಚೆನ್ನಾಗಿ ಬಂದರೂ ಈ ಸಂದೇಶ ಕಾರ್ಡಿಗೆ ಬದಲಲ್ಲ. ಅದೇ ಎರಡು ಸಾಲನ್ನು ಆ ವಾರದೊಳಗೆ ಕೈಯಲ್ಲಿ ಬರೆದು, ತಾರೀಖು ಹಾಕಿ ಕಳಿಸಿ.